ಚಿತ್ರದ ಮಾತು ಚಿತ್ರದೊಳಗೇ ಇರಲಿ: ಫೋಟೊ ಸಂಗ್ರಹಕ್ಕೆ ಮೆಟಾಡೇಟಾ ಮತ್ತು ಕೀವರ್ಡ್ ಬರೆದಿಡುವ ಸಮಗ್ರ ಮಾರ್ಗದರ್ಶಿ

ಕೊಪ್ಪಳದ ಗವಿಮಠದ ಜಾತ್ರೆಯ ಚಿತ್ರಗಳನ್ನು ನಾನು ಹಲವು ವರ್ಷಗಳಿಂದ ತೆಗೆಯುತ್ತ ಬಂದಿದ್ದೇನೆ. ಮೊದಲ ಆರು ವರ್ಷ ಪ್ರತಿ ಚಿತ್ರಕ್ಕೂ ಊರು, ಸಂದರ್ಭ, ಕಲಾವಿದರ ಹೆಸರು ಎಲ್ಲವನ್ನೂ ಶ್ರದ್ಧೆಯಿಂದ ಬರೆದಿದ್ದೆ. ಆದರೆ ಹಾಗೆ ಬರೆದದ್ದೆಲ್ಲ ಫೋಟೊ ಜೋಡಿಸುವ ಸಾಫ್ಟ್‌ವೇರಿನ ಸ್ವಂತ ಪಟ್ಟಿಯಲ್ಲಿ, ಅಂದರೆ ಕ್ಯಾಟಲಾಗಿನಲ್ಲಿ ಉಳಿದಿತ್ತೇ ಹೊರತು ಫೋಟೊ ಫೈಲುಗಳ ಒಳಗೆ ಹೋಗಿರಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು. ಹೊರಗಿನ ಡಿಸ್ಕಿನಲ್ಲಿ ಫೋಟೊಗಳ ಪ್ರತಿ ಇತ್ತು, ಕ್ಯಾಟಲಾಗಿನ ಪ್ರತಿ ಇರಲಿಲ್ಲ. ಡೊಳ್ಳು ಬಾರಿಸುತ್ತಿದ್ದ ಹಿರಿಯರೊಬ್ಬರ ಹೆಸರು, ಅವರ ಊರು, ಅವರ ಡೊಳ್ಳಿಗೆ ಚರ್ಮ ಬಿಗಿದವರು ಯಾರು ಎಂಬುದನ್ನು ಜಾತ್ರೆಯ ಮೈದಾನದಲ್ಲೇ ನಿಂತು ಕೇಳಿ ಬರೆದುಕೊಂಡಿದ್ದೆ. ಈಗ ಅವರ ಮುಖ ನನ್ನ ಬಳಿ ಸ್ಪಷ್ಟವಾಗಿದೆ, ಹೆಸರಿಲ್ಲ. ಮುಂದಿನ ಜಾತ್ರೆಗಳಲ್ಲಿ ಹುಡುಕಿದೆ, ಅವರು ಮತ್ತೆ ಕಾಣಲಿಲ್ಲ.

ಚಿತ್ರಕ್ಕೆ ಸಂಬಂಧಪಟ್ಟ ಮಾತು, ಅಂದರೆ ಮೆಟಾಡೇಟಾ, ಚಿತ್ರದ ಫೈಲಿನೊಳಗೇ ಇರಬೇಕು ಎಂಬುದೊಂದೇ ಈ ಮಾರ್ಗದರ್ಶಿಯ ತಳಹದಿ. ಹಾಗೆ ಬರೆದರೆ ಫೈಲನ್ನು ಯಾವ ಡಿಸ್ಕಿಗೆ ನಕಲಿಸಿದರೂ, ಯಾವ ಸಾಫ್ಟ್‌ವೇರಿನಲ್ಲಿ ತೆರೆದರೂ, ಯಾರ ಕೈಗೆ ಕೊಟ್ಟರೂ ಆ ಮಾತು ಅದರ ಜೊತೆಗೇ ಹೋಗುತ್ತದೆ. ಮನೆಯ ಮದುವೆ ಚಿತ್ರಗಳಿರಲಿ, ಸ್ಟುಡಿಯೊದ ಹಳೆಯ ಸಂಗ್ರಹವಿರಲಿ, ನಮ್ಮ ಭಾಗದ ಶಾಸನ, ಗುಡಿ, ಕೋಟೆಗಳ ದಾಖಲೆಯಿರಲಿ, ಕ್ರಮ ಒಂದೇ.

ಮಾತು ಫೈಲಿನ ಯಾವ ಖಾನೆಯಲ್ಲಿರುತ್ತದೆ

ಜೆಪೆಗ್ ಫೈಲಿನಲ್ಲಿ ಚಿತ್ರಕ್ಕಿಂತ ಮುಂಚೆ ಕೆಲವು ಖಾನೆಗಳಿರುತ್ತವೆ. ಮೊದಲನೆಯದು ಎಕ್ಸಿಫ್. 1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ ಉದ್ಯಮ ಸಂಘ ರೂಪಿಸಿದ ಈ ಖಾನೆಯನ್ನು ಕ್ಯಾಮೆರಾ ತಾನೇ ತುಂಬುತ್ತದೆ: ತೆಗೆದ ಸಮಯ, ಶಟರ್ ವೇಗ, ಅಪರ್ಚರ್, ಐಎಸ್‌ಒ, ಜಿಪಿಎಸ್ ಇದ್ದರೆ ಅಕ್ಷಾಂಶ ರೇಖಾಂಶ. ಎರಡನೆಯದು ಐಪಿಟಿಸಿ. ಸುದ್ದಿಸಂಸ್ಥೆಗಳ ಅಂತರರಾಷ್ಟ್ರೀಯ ಮಂಡಳಿಯೊಂದು ಪತ್ರಿಕೆಗಳ ಬಳಕೆಗಾಗಿ 1990ರ ದಶಕದ ಆರಂಭದಲ್ಲಿ ರೂಪಿಸಿದ ಇದರಲ್ಲಿ ಅಡಿಬರಹ, ಕೀವರ್ಡ್ (ಚಿತ್ರ ಹುಡುಕಲು ನೆರವಾಗುವ ಪದ), ಊರು, ಛಾಯಾಗ್ರಾಹಕರ ಹೆಸರು, ಹಕ್ಕಿನ ಸೂಚನೆ ಮೊದಲಾದ ಜಾಗಗಳಿವೆ. ಮೂರನೆಯದು ಅಡೋಬಿ ಸಂಸ್ಥೆ 2001ರಲ್ಲಿ ತಂದ ಎಕ್ಸ್‌ಎಂಪಿ. ಇದು 2012ರಲ್ಲಿ ಅಂತರರಾಷ್ಟ್ರೀಯ ಮಾನದಂಡವೂ ಆಯಿತು. ಐಪಿಟಿಸಿಯ ಜಾಗಗಳನ್ನೆಲ್ಲ ಎಕ್ಸ್‌ಎಂಪಿಯೊಳಗೂ ಬರೆಯಬಹುದು. ಎಕ್ಸ್‌ಎಂಪಿ ಮೊದಲಿನಿಂದಲೂ ಎಲ್ಲ ಲಿಪಿಗಳಿಗೂ ಜಾಗವಿರುವ ಯೂನಿಕೋಡ್ ಮೇಲೆ ನಿಂತಿರುವುದರಿಂದ ಕನ್ನಡದಲ್ಲಿ ಬರೆಯುವವರಿಗೆ ಅದೇ ನಿಜವಾದ ಮನೆ.

ಹೀಗೆ ಬರೆಯುವುದರಿಂದ ಚಿತ್ರದ ಗುಣಮಟ್ಟ ಕುಗ್ಗುತ್ತದೆ ಎಂಬ ಹೆದರಿಕೆ ಹಲವರಲ್ಲಿದೆ. ಸರಿಯಾದ ಸಾಫ್ಟ್‌ವೇರ್ ಈ ಖಾನೆಗಳನ್ನು ಮಾತ್ರ ಬದಲಿಸುತ್ತದೆ. ಚಿತ್ರದ ಭಾಗವನ್ನು ಬಿಚ್ಚಿ ಮತ್ತೆ ಕಟ್ಟುವುದಿಲ್ಲ. ಆದ್ದರಿಂದ ಒಂದು ಚುಕ್ಕೆಯೂ ಬದಲಾಗುವುದಿಲ್ಲ.

ಮೊದಲ ಹಂತ: ಸಾಧನಗಳು ಮತ್ತು ಒಂದು ಸೆಟ್ಟಿಂಗ್

ನಾನು ಬಳಸುವುದು ಡಿಜಿಕ್ಯಾಮ್. ಇದು ಫೋಟೊ ಜೋಡಿಸುವ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಜೊತೆಗೆ ಫಿಲ್ ಹಾರ್ವೆ ಅವರು ಬರೆದ ಎಕ್ಸಿಫ್‌ಟೂಲ್ ಇರಲಿ. ಫೈಲಿನೊಳಗೆ ನಿಜಕ್ಕೂ ಏನಿದೆ ಎಂಬುದನ್ನು ತೋರಿಸುವಲ್ಲಿ ಅದನ್ನು ಮೀರಿಸಿದ್ದು ನನಗೆ ಸಿಕ್ಕಿಲ್ಲ. ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್ ಬಳಸುವವರು ಅದರಲ್ಲೇ ಮುಂದುವರಿಯಬಹುದು.

ಕೆಲಸ ಆರಂಭಿಸುವ ಮುನ್ನ ಇಡೀ ಸಂಗ್ರಹದ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ನಕಲಿಸಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿ ಎತ್ತಿಡಿ. ನಂತರ ಹತ್ತು ಚಿತ್ರಗಳನ್ನಷ್ಟೇ ಬೇರೊಂದು ಫೋಲ್ಡರಿಗೆ ಹಾಕಿಕೊಂಡು ಅವುಗಳ ಮೇಲೆ ಪ್ರಯೋಗ ಮಾಡಿ.

ಡಿಜಿಕ್ಯಾಮ್‌ನ ಸೆಟ್ಟಿಂಗ್ಸ್ ಪಟ್ಟಿಯಲ್ಲಿ ‘ಕಾನ್ಫಿಗರ್ ಡಿಜಿಕ್ಯಾಮ್’ ತೆರೆದು ‘ಮೆಟಾಡೇಟಾ’ ಪುಟಕ್ಕೆ ಹೋದರೆ, ಯಾವ ಯಾವ ವಿವರವನ್ನು ಫೈಲಿಗೆ ಬರೆಯಬೇಕು ಎಂದು ಕೇಳುವ ಸಾಲುಗಳು ಸಿಗುತ್ತವೆ. ಟ್ಯಾಗ್ (ಕೀವರ್ಡಿಗೆ ಇಲ್ಲಿರುವ ಹೆಸರು), ಅಡಿಬರಹ ಮತ್ತು ಶೀರ್ಷಿಕೆ, ರೇಟಿಂಗ್, ಸಮಯ, ಹಕ್ಕಿನ ಟೆಂಪ್ಲೇಟ್ ಇವುಗಳೆಲ್ಲದರ ಮುಂದೆ ಗುರುತು ಹಾಕಿ. ಕ್ಯಾಮೆರಾದ ರಾ ಫೈಲಿನೊಳಗೆ (ಜೆಪೆಗ್ ಆಗಿಸದ ಮೂಲ ಫೈಲಿನೊಳಗೆ) ಬರೆಯುವ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ. ರಾ ಫೈಲಿನ ರಚನೆಯನ್ನು ಕ್ಯಾಮೆರಾ ತಯಾರಕರು ಪೂರ್ತಿ ಬಹಿರಂಗಪಡಿಸಿರುವುದಿಲ್ಲ, ಆದ್ದರಿಂದ ಅದಕ್ಕೆ ಕೈ ಹಾಕುವುದಕ್ಕಿಂತ ಪಕ್ಕದಲ್ಲಿ ಒಂದು ಚಿಕ್ಕ ಎಕ್ಸ್‌ಎಂಪಿ ಫೈಲ್ ಇರಿಸುವುದು ಕ್ಷೇಮ. ಈ ಜೊತೆ ಫೈಲನ್ನು ಸೈಡ್‌ಕಾರ್ ಎನ್ನುತ್ತಾರೆ. ಡಿಜಿಕ್ಯಾಮ್ ಅದಕ್ಕೆ ಚಿತ್ರದ ಪೂರ್ಣ ಹೆಸರಿನ ಕೊನೆಗೆ ಎಕ್ಸ್‌ಎಂಪಿ ಎಂಬ ಬಾಲ ಸೇರಿಸಿ ಹೆಸರಿಡುತ್ತದೆ. ಅಡೋಬಿಯ ಸಾಫ್ಟ್‌ವೇರುಗಳು ಚಿತ್ರದ ಬಾಲವನ್ನು ಕಿತ್ತು ಎಕ್ಸ್‌ಎಂಪಿ ಎಂದಿಡುತ್ತವೆ. ಎರಡನ್ನೂ ಬಳಸುವವರು ಸೈಡ್‌ಕಾರ್ ಪುಟದಲ್ಲಿರುವ ಹೊಂದಾಣಿಕೆಯ ಆಯ್ಕೆಯನ್ನು ಆರಂಭದಲ್ಲೇ ಒತ್ತಿಡಬೇಕು. ಫೈಲನ್ನು ಬೇರೆ ಕಡೆ ಸಾಗಿಸುವಾಗ ಸೈಡ್‌ಕಾರನ್ನು ಬಿಟ್ಟುಹೋದರೆ ಮಾತು ಅಲ್ಲೇ ಉಳಿಯುತ್ತದೆ ಎಂಬುದು ನೆನಪಿರಲಿ.

ಲೈಟ್‌ರೂಮಿನಲ್ಲಿ ಕ್ಯಾಟಲಾಗ್ ಸೆಟ್ಟಿಂಗ್ಸ್‌ನ ಮೆಟಾಡೇಟಾ ಪುಟಕ್ಕೆ ಹೋಗಿ, ಬದಲಾವಣೆಗಳನ್ನು ಎಕ್ಸ್‌ಎಂಪಿಗೆ ತಾನಾಗಿ ಬರೆಯುವ ಆಯ್ಕೆಯನ್ನು ಹಾಕಿಕೊಳ್ಳಿ. ಅದನ್ನು ಹಾಕದೆ ಇದ್ದರೆ ಚಿತ್ರಗಳನ್ನು ಆಯ್ದುಕೊಂಡು ಕಂಟ್ರೋಲ್ ಜೊತೆ ಎಸ್ ಒತ್ತುವವರೆಗೆ ನೀವು ಬರೆದದ್ದು ಕ್ಯಾಟಲಾಗಿನಲ್ಲಷ್ಟೇ ಇರುತ್ತದೆ. ಆರು ವರ್ಷ ನಾನು ಮಾಡಿದ ತಪ್ಪು ಈ ಬಗೆಯದೇ.

ಎರಡನೆಯ ಹಂತ: ಗಡಿಯಾರ

ಕೀವರ್ಡ್ ಬರೆಯುವ ಮೊದಲು ಸಮಯ ಸರಿಯಾಗಿರಬೇಕು. ಬ್ಯಾಟರಿ ಬಹಳ ದಿನ ಹೊರಗಿದ್ದರೆ ಕ್ಯಾಮೆರಾದ ಗಡಿಯಾರ ಹಳೆಯ ಯಾವುದೋ ಜನವರಿ 1ಕ್ಕೆ ಹೋಗಿ ನಿಲ್ಲುತ್ತದೆ. ಎರಡು ಕ್ಯಾಮೆರಾ, ಒಂದು ಮೊಬೈಲ್ ಹಿಡಿದು ಜಾತ್ರೆಗೆ ಹೋದರೆ, ಗಡಿಯಾರಗಳು ಹೊಂದದ ಕಾರಣ ತೇರು ಎಳೆಯುವುದಕ್ಕಿಂತ ಮೊದಲೇ ಪಾದಗಟ್ಟೆ ಮುಟ್ಟಿದಂತೆ ಚಿತ್ರಗಳು ಜೋಡಣೆಯಾಗುತ್ತವೆ.

ಇದಕ್ಕೆ ಸುಲಭದ ಉಪಾಯವಿದೆ. ದಿನದ ಮೊದಲ ಚಿತ್ರವಾಗಿ ಮೊಬೈಲಿನ ಗಡಿಯಾರವನ್ನು, ಸೆಕೆಂಡು ಕಾಣುವಂತೆ, ಪ್ರತಿಯೊಂದು ಕ್ಯಾಮೆರಾದಲ್ಲೂ ತೆಗೆಯಿರಿ. ಮನೆಗೆ ಬಂದ ಮೇಲೆ ಆ ಚಿತ್ರದ ಎಕ್ಸಿಫ್ ಸಮಯ ನೋಡಿ. ಚಿತ್ರದಲ್ಲಿ ಕಾಣುವುದು 08:15:40, ಎಕ್ಸಿಫ್ ಹೇಳುವುದು 07:42:10 ಎಂದಾದರೆ ಕ್ಯಾಮೆರಾ 33 ನಿಮಿಷ 30 ಸೆಕೆಂಡು ಹಿಂದಿದೆ ಎಂದರ್ಥ. ಆ ಕ್ಯಾಮೆರಾದ ಅಂದಿನ ಎಲ್ಲ ಚಿತ್ರಗಳನ್ನೂ ಆಯ್ದು, ಡಿಜಿಕ್ಯಾಮ್‌ನ ಸಮಯ ಹೊಂದಿಸುವ ಸಾಧನದಲ್ಲಿ ಅಷ್ಟನ್ನು ಕೂಡಿಸಿದರೆ ಆಯಿತು. ಎಕ್ಸಿಫ್‌ನ 2016ರ ಆವೃತ್ತಿಯಿಂದ ಕಾಲವಲಯ ಬರೆಯುವ ಜಾಗವೂ ಇದೆ. ಹೊರದೇಶದಲ್ಲಿರುವ ಬಂಧುಗಳ ಚಿತ್ರಗಳು ನಿಮ್ಮ ಸಂಗ್ರಹದಲ್ಲಿದ್ದರೆ ನಮ್ಮದಕ್ಕೆ +05:30 ಎಂದು ತುಂಬುವುದು ಒಳ್ಳೆಯದು.

ಮೂರನೆಯ ಹಂತ: ಹಕ್ಕು ಮತ್ತು ಹೆಸರು

ಛಾಯಾಗ್ರಾಹಕರ ಹೆಸರು, ಹಕ್ಕಿನ ಸೂಚನೆ, ಸಂಪರ್ಕದ ಇಮೇಲ್ ಇವು ಪ್ರತಿ ಚಿತ್ರಕ್ಕೂ ಒಂದೇ ಆಗಿರುವುದರಿಂದ ಒಮ್ಮೆ ಟೆಂಪ್ಲೇಟ್ ಮಾಡಿಕೊಂಡು, ಮೆಮೊರಿ ಕಾರ್ಡಿನಿಂದ ಇಳಿಸುವಾಗಲೇ ಎಲ್ಲಕ್ಕೂ ಹಚ್ಚಿ. ಬೇರೆಯವರು ತೆಗೆದ ಚಿತ್ರ ನಿಮ್ಮ ಸಂಗ್ರಹದಲ್ಲಿದ್ದರೆ ಅದಕ್ಕೆ ನಿಮ್ಮ ಟೆಂಪ್ಲೇಟ್ ಬೀಳದಂತೆ ಫೋಲ್ಡರನ್ನೇ ಬೇರೆ ಇಡಿ. ಹಳೆಯ ಸ್ಟುಡಿಯೊಗಳ ಚಿತ್ರಗಳಿಗೆ ತೆಗೆದವರ ಹೆಸರು ಹಾಕುವುದು ನಮ್ಮ ಮೇಲಿರುವ ಋಣ.

ನಾಲ್ಕನೆಯ ಹಂತ: ಕೀವರ್ಡ್ ಪಟ್ಟಿ

ಇಡೀ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವ ಭಾಗ ಇದು. ಚಿತ್ರ ತೆರೆದು ತೋಚಿದ್ದನ್ನು ಬರೆಯುತ್ತ ಹೋದರೆ ಒಂದು ವರ್ಷದಲ್ಲಿ ತೇರು, ರಥ, ರಥೋತ್ಸವ, ಮಹಾರಥೋತ್ಸವ ಎಂಬ ನಾಲ್ಕು ಕೀವರ್ಡ್‌ಗಳು ಹುಟ್ಟಿ, ಯಾವುದನ್ನು ಹುಡುಕಿದರೂ ಕಾಲು ಭಾಗದ ಚಿತ್ರಗಳು ಮಾತ್ರ ಸಿಗುತ್ತವೆ. ಆದ್ದರಿಂದ ಮೊದಲು ಕಾಗದದ ಮೇಲೆ ಪಟ್ಟಿ ಮಾಡಿ. ನನ್ನ ಪಟ್ಟಿಗೆ ಐದು ಬೇರುಗಳಿವೆ: ಸ್ಥಳ, ಜನ, ಆಚರಣೆ, ವಸ್ತು, ಪ್ರಕೃತಿ. ವಸ್ತು ಎಂಬುದರ ಕೆಳಗೆ ಕರಕುಶಲ, ಅದರ ಕೆಳಗೆ ಕಿನ್ನಾಳ ಕಲೆ, ಅದರ ಕೆಳಗೆ ಗೊಂಬೆ ಮತ್ತು ತೊಟ್ಟಿಲು ಬರುತ್ತವೆ. ಕಿನ್ನಾಳದಲ್ಲಿ ಚಿತ್ರಗಾರರು ಗೊಂಬೆಗೆ ಬಣ್ಣ ಹಚ್ಚುವ ಒಂದು ಚಿತ್ರಕ್ಕೆ ‘ಗೊಂಬೆ’ ಎಂಬ ಒಂದನ್ನು ಹಾಕಿದರೆ ಮೇಲಿನ ಮೂರೂ ತಾವಾಗಿ ಸೇರಿಕೊಳ್ಳುವುದು ಈ ಶ್ರೇಣಿಯ ಲಾಭ.

ಪಟ್ಟಿ ಮಾಡುವಾಗ ನಾನು ಪಾಲಿಸುವ ಕೆಲವು ನಿಯಮಗಳನ್ನು ಕಾರಣಸಹಿತ ಹೇಳುತ್ತೇನೆ. ಕೀವರ್ಡಿಗೆ ವಿಭಕ್ತಿ ಪ್ರತ್ಯಯ ಹಚ್ಚಬಾರದು. ನಾವು ಮಾತಿನಲ್ಲಿ ‘ಮುದಗಲ್ಲಿನ ಕೋಟೆ’ ಎನ್ನುತ್ತೇವೆ. ಆದರೆ ಹುಡುಕಾಟ ಅಕ್ಷರಗಳನ್ನು ಹೋಲಿಸುತ್ತದೆಯೇ ಹೊರತು ವ್ಯಾಕರಣ ತಿಳಿಯುವುದಿಲ್ಲವಾದ್ದರಿಂದ ‘ಮುದಗಲ್’ ಬೇರೆ, ‘ಕೋಟೆ’ ಬೇರೆ ಇರಬೇಕು. ಏಕವಚನವೇ ಇರಲಿ, ಎತ್ತು ಎಂದು ಬರೆಯಿರಿ, ಎತ್ತುಗಳು ಬೇಡ. ಕಾಗುಣಿತ ಒಂದೇ ಇರಲಿ. ಮೊಹರಂ, ಮೊಹರಮ್, ಮುಹರ್ರಂ ಈ ಮೂರರಲ್ಲಿ ಒಂದನ್ನು ಆರಿಸಿ. ಆನೆಗೊಂದಿ ಮತ್ತು ಆನೆಗುಂದಿ, ತಾಲ್ಲೂಕು ಮತ್ತು ತಾಲೂಕು, ತುಂಗಭದ್ರಾ ಮತ್ತು ತುಂಗಭದ್ರೆ ಇವುಗಳಲ್ಲೂ ಹಾಗೆಯೇ. ಯಾವುದು ಶುದ್ಧ ಎಂಬ ಚರ್ಚೆಗಿಂತ ಯಾವುದೋ ಒಂದಕ್ಕೆ ಅಂಟಿಕೊಳ್ಳುವುದು ಇಲ್ಲಿ ಮುಖ್ಯ. ಆಡುಮಾತಿನ ಪದ ಇದ್ದರೆ ನಾನು ಅದನ್ನೇ ಆರಿಸುತ್ತೇನೆ, ಏಕೆಂದರೆ ನನ್ನ ನಂತರ ಈ ಚಿತ್ರ ಹುಡುಕುವವರು ‘ರಥೋತ್ಸವ’ ಎಂದಲ್ಲ, ‘ತೇರು’ ಎಂದೇ ಬರೆಯುತ್ತಾರೆ ಎಂಬುದು ನನ್ನ ಅನುಭವ. ಕೀವರ್ಡಿನ ಒಳಗೆ ಅಲ್ಪವಿರಾಮ ಹಾಕಬೇಡಿ. ‘ಹುಲಿಗಿ, ಕೊಪ್ಪಳ’ ಎಂದರೆ ಹೆಚ್ಚಿನ ಸಾಫ್ಟ್‌ವೇರ್ ಅದನ್ನು ಎರಡಾಗಿ ಒಡೆಯುತ್ತದೆ.

ಸ್ಥಳದ ಶ್ರೇಣಿ ನಮ್ಮ ಭಾಗದಲ್ಲಿ ಸುಲಭವಲ್ಲ. 2012ರಲ್ಲಿ ನಾನು ಹಂಪಿಯಲ್ಲಿ ತೆಗೆದ ಚಿತ್ರಗಳು ಬಳ್ಳಾರಿ ಜಿಲ್ಲೆಯವು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ತೆಗೆದವು ಬೇರೆ ಜಿಲ್ಲೆಯವು. ಜಾಗ ಮಾತ್ರ ಅದೇ. ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಇಟಗಿ ಈಗ ಕುಕನೂರು ತಾಲ್ಲೂಕಿನಲ್ಲಿದೆ. ಕೊಪ್ಪಳವೇ ಒಂದು ಕಾಲಕ್ಕೆ ರಾಯಚೂರು ಜಿಲ್ಲೆಯ ತಾಲ್ಲೂಕು. ನಾನು ಕೀವರ್ಡ್ ಶ್ರೇಣಿಯಲ್ಲಿ ಇಂದಿನ ಜಿಲ್ಲೆ, ಇಂದಿನ ತಾಲ್ಲೂಕನ್ನೇ ಇಡುತ್ತೇನೆ. ಗಡಿ ಬದಲಾದಾಗ ಟ್ಯಾಗ್ ಮ್ಯಾನೇಜರಿನಲ್ಲಿ ಆ ಊರನ್ನು ಎಳೆದು ಹೊಸ ಜಿಲ್ಲೆಯ ಕೆಳಗೆ ಇಟ್ಟು, ಅದರ ಎಲ್ಲ ಫೈಲುಗಳಿಗೆ ಮೆಟಾಡೇಟಾವನ್ನು ಮತ್ತೊಮ್ಮೆ ಬರೆಸುತ್ತೇನೆ. ಚಿತ್ರ ತೆಗೆದ ದಿನ ಅದು ಯಾವ ಜಿಲ್ಲೆಯಾಗಿತ್ತು ಎಂಬುದು ಅಡಿಬರಹಕ್ಕೆ ಸೇರಿದ ಸಂಗತಿ. ಇಂಗ್ಲಿಷಿನಲ್ಲಿ ಬಳ್ಳಾರಿಯ ಅಧಿಕೃತ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಇಂಗ್ಲಿಷ್ ಕೀವರ್ಡ್ ಕೂಡ ಇಡುವವರು ಹಳೆಯ ಕಾಗುಣಿತವನ್ನು ಹೊಸದರ ಸಮಾನಪದವಾಗಿ ಸೇರಿಸಬೇಕು. ಲೈಟ್‌ರೂಮಿನಲ್ಲಿ ಪ್ರತಿ ಕೀವರ್ಡಿಗೂ ಸಮಾನಪದ ಬರೆಯುವ ಜಾಗವಿದೆ. ಡಿಜಿಕ್ಯಾಮ್‌ನಲ್ಲಿ ನಾನು ಅದನ್ನು ಇನ್ನೊಂದು ಟ್ಯಾಗಾಗಿಯೇ ಹಚ್ಚುತ್ತೇನೆ.

ಒಂದೇ ಹೆಸರಿನ ಊರುಗಳಿಗೂ ಶ್ರೇಣಿ ನೆರವಾಗುತ್ತದೆ. ಮಹಾದೇವ ದೇವಾಲಯದ ಇಟಗಿ ನಮ್ಮಲ್ಲಿದೆ, ಭೀಮಾಂಬಿಕೆಯ ಇಟಗಿ ಗದಗ ಜಿಲ್ಲೆಯಲ್ಲಿದೆ. ತಾಲ್ಲೂಕಿನ ಕೆಳಗೆ ಊರನ್ನು ಇಡದಿದ್ದರೆ ಎರಡೂ ಬೆರೆತುಹೋಗುತ್ತವೆ.

ಐದನೆಯ ಹಂತ: ಕನ್ನಡ ಲಿಪಿಯ ಸೂಕ್ಷ್ಮಗಳು

ಹಳೆಯ ಐಪಿಟಿಸಿ ಖಾನೆಯಲ್ಲಿ ಒಂದು ಕೀವರ್ಡಿಗೆ 64 ಬೈಟ್ ಮಿತಿಯಿದೆ. ಇಂಗ್ಲಿಷಿನವರಿಗೆ ಅದು 64 ಅಕ್ಷರ, ಧಾರಾಳವಾಯಿತು. ಕನ್ನಡದಲ್ಲಿ, ಯೂನಿಕೋಡನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಂತೆ, ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ವ್ಯಂಜನ ಒಂದು ಸಂಕೇತ, ಅದರ ಸ್ವರಚಿಹ್ನೆ ಇನ್ನೊಂದು, ಒತ್ತಕ್ಷರ ಮೂಡಿಸುವ ಅರ್ಧಚಿಹ್ನೆ ಮತ್ತೊಂದು. ‘ಶ್ವ’ ಎಂಬ ಒಂದು ಅಕ್ಷರಕ್ಕೇ ಒಂಬತ್ತು ಬೈಟ್.

ಇದರ ಪರಿಣಾಮವನ್ನು ಹತ್ತಿರದಿಂದ ನೋಡೋಣ. ‘ಗವಿಸಿದ್ಧೇಶ್ವರ ಜಾತ್ರೆ’ ಎಂಬುದರಲ್ಲಿ 19 ಸಂಕೇತ ಮತ್ತು ಒಂದು ಖಾಲಿ ಜಾಗ ಇವೆ, ಒಟ್ಟು 58 ಬೈಟ್. ಮಿತಿಯೊಳಗೆ ಬಂತು. ‘ಗವಿಸಿದ್ಧೇಶ್ವರ ಮಹಾರಥೋತ್ಸವ’ ಎಂದರೆ 70 ಬೈಟ್. ಮಿತಿ ಪಾಲಿಸುವ ಸಾಫ್ಟ್‌ವೇರ್ ಅದನ್ನು 64ಕ್ಕೆ ಕತ್ತರಿಸಿದಾಗ ಉಳಿಯುವುದು ‘ಗವಿಸಿದ್ಧೇಶ್ವರ ಮಹಾರಥೋತ್’. ನನ್ನ ಹಳೆಯ ಫೈಲುಗಳಲ್ಲಿ ಇಂಥ ಮೊಂಡು ಕೀವರ್ಡ್‌ಗಳನ್ನು ಕಂಡಾಗ ಮೊದಮೊದಲು ಬೆರಳಚ್ಚಿನ ತಪ್ಪು ಎಂದುಕೊಂಡಿದ್ದೆ. ಊರಿನ ಜಾಗಕ್ಕೆ ಮಿತಿ ಇನ್ನೂ ಕಡಿಮೆ, 32 ಬೈಟ್. ಹಿರೇಬೆಣಕಲ್ 30 ಬೈಟಿನಲ್ಲಿ ಹೇಗೋ ಹಿಡಿಸುತ್ತದೆ. ಹಗರಿಬೊಮ್ಮನಹಳ್ಳಿ 45 ಬೈಟ್ ಆಗುವುದರಿಂದ ‘ಹಗರಿಬೊಮ್ಮನ’ ಎಂಬಲ್ಲಿಗೆ ನಿಂತು, ಮುಂದೆ ಒಂದು ಅರ್ಧ ಕಡಿದ ಸಂಕೇತ ಉಳಿಯಬಹುದು. ಛಾಯಾಗ್ರಾಹಕರ ಹೆಸರಿಗೂ ಅದೇ 32. ಎಕ್ಸ್‌ಎಂಪಿಯಲ್ಲಿ ಈ ಮಿತಿಗಳಾವುವೂ ಇಲ್ಲ. ಆದ್ದರಿಂದ ಕನ್ನಡದ ಮಾತನ್ನು ಎಕ್ಸ್‌ಎಂಪಿಗೆ ಬರೆಯಿರಿ. ಹಳೆಯ ಐಪಿಟಿಸಿ ಖಾನೆ ಬೇಕೆಂದು ಯಾವುದಾದರೂ ಪತ್ರಿಕೆ ಕೇಳಿದಾಗ ಮಾತ್ರ, ಚಿಕ್ಕ ಕೀವರ್ಡ್‌ಗಳನ್ನು ಮತ್ತು ಇಂಗ್ಲಿಷ್ ಲಿಪಿಯಲ್ಲಿರುವ ಹೆಸರನ್ನು ಅದರಲ್ಲಿ ಇಡಿ. ಎಕ್ಸಿಫ್‌ನಲ್ಲಿರುವ ವಿವರಣೆಯ ಜಾಗವೂ ಕನ್ನಡಕ್ಕೆ ಒಗ್ಗುವುದಲ್ಲ. ಅದಕ್ಕೆ ಯುಟಿಎಫ್-8 ಅನುಮತಿ ಬಂದದ್ದೇ 2023ರ ಮೂರನೆಯ ಆವೃತ್ತಿಯಲ್ಲಿ.

ಎರಡನೆಯ ತೊಡಕು ಹಳೆಯ ಫಾಂಟುಗಳದು. ನಮ್ಮ ಡಿಟಿಪಿ ಅಂಗಡಿಗಳಲ್ಲಿ, ಸ್ಟುಡಿಯೊಗಳಲ್ಲಿ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಅಡಿಬರಹಗಳು ಸಾಕಷ್ಟಿವೆ. ಅವನ್ನು ನೇರವಾಗಿ ಮೆಟಾಡೇಟಾದ ಜಾಗಕ್ಕೆ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು ಕಾಣುತ್ತದೆ, ಏಕೆಂದರೆ ಅಲ್ಲಿ ಫಾಂಟ್ ಆರಿಸುವ ಅವಕಾಶವೇ ಇಲ್ಲ. ಅದೇ ತಂತ್ರಾಂಶಗಳ ಪರಿವರ್ತಕದಿಂದ ಯೂನಿಕೋಡಿಗೆ ತಂದು, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ಓದಿ, ಆಮೇಲೆ ಅಂಟಿಸಿ.

ಮೂರನೆಯದು ಕಣ್ಣಿಗೆ ಕಾಣದ ವ್ಯತ್ಯಾಸ. ‘ಕೊಪ್ಪಳ’ದ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು, ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಹಾಗೆಯೇ ಮೊಬೈಲಿನ ಕೆಲವು ಕೀಲಿಮಣೆಗಳು ‘ಮುನಿರಾಬಾದ್’ ಎಂಬಂಥ ಪದದ ಕೊನೆಯಲ್ಲಿ ಅಕ್ಷರ ಕೂಡಿಕೊಳ್ಳದಂತೆ ತಡೆಯುವ ಕಾಣದ ಚಿಹ್ನೆಯೊಂದನ್ನು ಸೇರಿಸುತ್ತವೆ. ಟ್ಯಾಗ್ ಪಟ್ಟಿಯಲ್ಲಿ ಒಂದೇ ಊರು ಎರಡು ಬಾರಿ ಕಂಡರೆ ಕಾರಣ ಬಹುಪಾಲು ಇದೇ. ಎರಡನ್ನೂ ವಿಲೀನಗೊಳಿಸಿ. ಮುಂದೆ ಕೀವರ್ಡನ್ನು ಪ್ರತಿ ಸಲ ಹೊಸದಾಗಿ ಬೆರಳಚ್ಚು ಮಾಡದೆ, ಮೊದಲ ಎರಡು ಅಕ್ಷರ ಒತ್ತಿ, ತೆರೆದುಕೊಳ್ಳುವ ಪಟ್ಟಿಯಿಂದ ಆಯ್ದುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಬೆರಳಚ್ಚಿನ ಕೆಲಸವೂ ಕಡಿಮೆಯಾಗುತ್ತದೆ.

ಆರನೆಯ ಹಂತ: ಅಡಿಬರಹ ಮತ್ತು ಸ್ಥಳ

ಕೀವರ್ಡ್ ಹುಡುಕುವುದಕ್ಕೆ, ಅಡಿಬರಹ ತಿಳಿಯುವುದಕ್ಕೆ. ಅಡಿಬರಹ ಪೂರ್ಣ ವಾಕ್ಯವಾಗಿರಲಿ. ಯಾರು, ಏನು, ಎಲ್ಲಿ, ಯಾವಾಗ ಎಂಬುದು ಮೊದಲು ಬರಲಿ. ‘ಇಟಗಿ ಗುಡಿ’ ಎಂದು ಬಿಡುವ ಬದಲು, ‘ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ, ಪುಷ್ಕರಿಣಿಯ ಕಡೆಯಿಂದ ಬೆಳಗಿನ ನೋಟ’ ಎಂದು ಬರೆದರೆ ಚಿತ್ರ ಒಂಟಿಯಾಗಿ ಎಲ್ಲಿಗೆ ಹೋದರೂ ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತದೆ. ಎಕ್ಸ್‌ಎಂಪಿಯಲ್ಲಿ ಶೀರ್ಷಿಕೆ ಮತ್ತು ಅಡಿಬರಹವನ್ನು ಹಲವು ಭಾಷೆಗಳಲ್ಲಿ ಪಕ್ಕಪಕ್ಕ ಇಡಬಹುದು. ಆದರೆ ಎಷ್ಟೋ ಸಾಫ್ಟ್‌ವೇರುಗಳು ಪೂರ್ವನಿಯೋಜಿತ ಭಾಷೆಯದನ್ನು ಮಾತ್ರ ತೋರಿಸುವುದರಿಂದ ಕನ್ನಡದ ಅಡಿಬರಹ ಆ ಜಾಗದಲ್ಲಿಯೇ ಇರಲಿ ಎಂಬುದು ನನ್ನ ಒತ್ತಾಯ.

ಸ್ಥಳದ ವಿಚಾರದಲ್ಲಿ ಐಪಿಟಿಸಿ ಎರಡು ಜಾಗಗಳನ್ನು ಬೇರೆ ಮಾಡಿದೆ: ಕ್ಯಾಮೆರಾ ನಿಂತಿದ್ದ ಸ್ಥಳ ಒಂದು, ಚಿತ್ರದಲ್ಲಿ ಕಾಣುವ ಸ್ಥಳ ಇನ್ನೊಂದು. ತುಂಗಭದ್ರಾ ಅಣೆಕಟ್ಟೆಯನ್ನು ಚಿತ್ರಿಸಿದವರಿಗೆ ಇದರ ಬೆಲೆ ಗೊತ್ತು. ಮುನಿರಾಬಾದ್ ಕಡೆಯ ದಡದಲ್ಲಿ ನಿಂತು ಹೊಸಪೇಟೆ ಕಡೆಗೆ ಕ್ಯಾಮೆರಾ ತಿರುಗಿಸಿದರೆ ನಿಂತದ್ದು ಕೊಪ್ಪಳ ಜಿಲ್ಲೆ, ಕಾಣುವುದು ವಿಜಯನಗರ ಜಿಲ್ಲೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋಯಿತು. ಆ ವಾರ ನನ್ನ ಮೊಬೈಲಿಗೆ ಬಂದ ನೂರಾರು ಚಿತ್ರಗಳಲ್ಲಿ ಯಾವುದು ಆ ರಾತ್ರಿಯ ನಂತರದ್ದು, ಯಾವುದು ಹಿಂದಿನ ಯಾವುದೋ ಮಳೆಗಾಲದ್ದು ಎಂದು ಹೇಳಲು ಸಾಧ್ಯವಾಗಲಿಲ್ಲ. ದಿನಾಂಕ, ಸ್ಥಳ, ತೆಗೆದವರು ಯಾವುದೂ ಅವುಗಳಲ್ಲಿ ಉಳಿದಿರಲಿಲ್ಲ. ನಾಳೆ ಯಾರಾದರೂ ಆ ಘಟನೆಯ ಚರಿತ್ರೆ ಬರೆಯಲು ಕೂತರೆ ಅವರಿಗೆ ಉಪಯೋಗಕ್ಕೆ ಬರುವುದು ತೆಗೆದವರು ತಮ್ಮ ಬಳಿ ಇಟ್ಟುಕೊಂಡಿರುವ ಮೂಲ ಫೈಲುಗಳು ಮಾತ್ರ.

ಸ್ಕ್ಯಾನ್ ಮಾಡಿದ ಹಳೆಯ ಚಿತ್ರಗಳು

ಮನೆಯ ಟ್ರಂಕಿನಲ್ಲಿರುವ ಕಪ್ಪುಬಿಳುಪು ಚಿತ್ರಗಳನ್ನು ಸ್ಕ್ಯಾನ್ ಮಾಡಿದಾಗ ಫೈಲಿಗೆ ಸ್ಕ್ಯಾನ್ ಮಾಡಿದ ದಿನಾಂಕವೇ ಬೀಳುತ್ತದೆ. ಎಕ್ಸಿಫ್‌ನಲ್ಲಿ ಚಿತ್ರ ತೆಗೆದ ದಿನಾಂಕಕ್ಕೆ ಒಂದು ಜಾಗ, ಡಿಜಿಟಲ್ ರೂಪಕ್ಕೆ ತಂದ ದಿನಾಂಕಕ್ಕೆ ಇನ್ನೊಂದು ಜಾಗ ಇರುವುದರಿಂದ ಎರಡನ್ನೂ ಬೇರೆಬೇರೆಯಾಗಿ ತುಂಬಿ. ವರ್ಷ ಮಾತ್ರ ಗೊತ್ತಿದ್ದರೆ ಎಕ್ಸಿಫ್‌ನಲ್ಲಿ ಜನವರಿ 1 ಎಂದು ಕಟ್ಟಿ ಬರೆಯುವ ಬದಲು, ಎಕ್ಸ್‌ಎಂಪಿಯ ದಿನಾಂಕದಲ್ಲಿ ‘1974’ ಎಂದಷ್ಟೇ ಬರೆಯಬಹುದು. ಆ ಮಾನದಂಡ ಬರೀ ವರ್ಷವನ್ನೂ ಒಪ್ಪುತ್ತದೆ. ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದೇನಾದರೂ ಇದ್ದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಬರೆದದ್ದನ್ನು ಇದ್ದ ಹಾಗೆಯೇ ಅಡಿಬರಹದಲ್ಲಿ ನಕಲಿಸಿ. ನಮ್ಮ ಮನೆಯ ಒಂದು ಚಿತ್ರದ ಹಿಂದೆ ‘ಹುಲಿಗಿ ಹುಣ್ಣಿಮೆ, ತಂಗಿ ಜವಳ’ ಎಂದಿದೆ. ಯಾವ ತಂಗಿ ಎಂದು ಅಜ್ಜಿಯನ್ನು ಕೇಳಿ ಅಂದೇ ಬರೆದುಕೊಂಡೆ. ಈ ಭಾಗವನ್ನು ಮುಂದಕ್ಕೆ ಹಾಕಬೇಡಿ. ಹಿರಿಯರ ಪಕ್ಕದಲ್ಲಿ ಕೂತು, ಒಂದೊಂದೇ ಚಿತ್ರ ತೋರಿಸಿ, ಅವರು ಹೇಳಿದ್ದನ್ನು ಆ ಕ್ಷಣವೇ ಫೈಲಿಗೆ ಬರೆಯಿರಿ.

ಏಳನೆಯ ಹಂತ: ಹಂಚುವ ಮುನ್ನ

ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ, ಒಳಗಿನ ಮಾತು ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಫೈಲ್ ಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ ನೀವು ಬರೆಯುವ ವಿವರಣೆ ಫೈಲಿನೊಳಗೆ ಸೇರುವುದಿಲ್ಲ. ಗೂಗಲ್‌ನ ಟೇಕ್‌ಔಟ್ ಸೇವೆಯ ಮೂಲಕ ಇಳಿಸಿಕೊಂಡಾಗ ಅದು ಪಕ್ಕದ ಜೇಸನ್ ಫೈಲಿನಲ್ಲಿ ಬರುತ್ತದೆ. ಹಾಗಾಗಿ ಮಾತನ್ನು ಮೊದಲು ಫೈಲಿಗೆ ಬರೆದು, ಆಮೇಲೆ ಏರಿಸುವುದು ಸರಿಯಾದ ಕ್ರಮ.

ಕೆಲವು ಮಾತುಗಳನ್ನು ಹಂಚುವ ಪ್ರತಿಯಿಂದ ತೆಗೆಯಲೇಬೇಕು. ಮನೆಯಲ್ಲಿ ತೆಗೆದ ಮಕ್ಕಳ ಚಿತ್ರದಲ್ಲಿ ಮನೆಯ ಜಿಪಿಎಸ್ ಇರಬಾರದು. ಗಂಗಾವತಿ ಕಡೆಯ ಬೆಟ್ಟಗಳಲ್ಲಿ ಕಲ್ಲಾಸರೆಯ ಬಂಡೆಗಳ ಮೇಲೆ ಬರೆದ ಪುರಾತನ ವರ್ಣಚಿತ್ರಗಳು, ಊರಿಂದ ದೂರದ ಬೃಹತ್ ಶಿಲಾಸಮಾಧಿಗಳು ನಿಧಿಯಾಸೆಗೆ ಅಗೆಯುವವರ ಕೈಗೆ ಸುಲಭವಾಗಿ ಸಿಗುತ್ತವೆ. ಅವುಗಳ ನಿಖರ ಅಕ್ಷಾಂಶ ರೇಖಾಂಶವನ್ನು ನಾನು ಎಂದೂ ಹೊರಗೆ ಬಿಡುವುದಿಲ್ಲ. ತೋಳದ ಮರಿಗಳಿರುವ ಗವಿ, ತುಂಗಭದ್ರೆಯ ನೀರುನಾಯಿಗಳ ಬಿಲ ಇವುಗಳಿಗೂ ಅದೇ ನಿಯಮ. ಮೂಲ ಫೈಲಿನಲ್ಲಿ ಎಲ್ಲವೂ ಇರಲಿ, ಹಂಚುವ ಪ್ರತಿ ಬೇರೆ ಮಾಡಿ ಅದರಿಂದ ಜಿಪಿಎಸ್ ತೆಗೆಯಿರಿ. ವಿಂಡೋಸ್‌ನಲ್ಲಾದರೆ ಫೈಲಿನ ಪ್ರಾಪರ್ಟೀಸ್, ಡೀಟೇಲ್ಸ್ ಪುಟದ ಕೆಳಗೆ ವೈಯಕ್ತಿಕ ಮಾಹಿತಿ ತೆಗೆಯುವ ಕೊಂಡಿ ಇದೆ. ಅಲ್ಲಿ ಬೇಕಾದ ಜಾಗಗಳನ್ನಷ್ಟೇ ಆರಿಸಬಹುದು. ಹೆಸರು ಮತ್ತು ಹಕ್ಕಿನ ಸೂಚನೆಯನ್ನು ಅಲ್ಲಿ ಅಳಿಸಬೇಡಿ.

ಎಂಟನೆಯ ಹಂತ: ಪರೀಕ್ಷೆ

ಸಾಫ್ಟ್‌ವೇರಿನ ಪರದೆಯಲ್ಲಿ ಕೀವರ್ಡ್ ಕಂಡ ಮಾತ್ರಕ್ಕೆ ಅದು ಫೈಲಿನಲ್ಲಿದೆ ಎಂದಲ್ಲ. ಪರೀಕ್ಷಿಸಲು ಒಂದು ಚಿತ್ರವನ್ನು ಪೆನ್‌ಡ್ರೈವಿಗೆ ನಕಲಿಸಿ, ಡಿಜಿಕ್ಯಾಮ್ ಎಂದೂ ಹಾಕಿರದ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟದಲ್ಲಿ ಟ್ಯಾಗ್ ಸಾಲನ್ನು ನೋಡಿ. ಎಕ್ಸಿಫ್‌ಟೂಲ್ ಇದ್ದರೆ ಫೈಲನ್ನು ಅದರ ಚಿಹ್ನೆಯ ಮೇಲೆ ಎಳೆದು ಬಿಟ್ಟರೆ ಸಾಕು, ಒಳಗಿರುವ ಸಾಲುಗಳೆಲ್ಲ ತೆರೆದುಕೊಳ್ಳುತ್ತವೆ. ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಗಾಬರಿ ಬೇಡ. ವಿಂಡೋಸ್‌ನ ಕಪ್ಪು ಕಿಟಕಿಗೆ ಕನ್ನಡ ತೋರಿಸಲು ಬರದೇ ಇರಬಹುದು. ಫಲಿತಾಂಶವನ್ನು ಪಠ್ಯ ಫೈಲಿಗೆ ಉಳಿಸಿ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಅಲ್ಲೂ ಪ್ರಶ್ನಾರ್ಥಕವೇ ಇದ್ದರೆ ಮಾತ್ರ ಬರೆಯುವಾಗಲೇ ತಪ್ಪಾಗಿದೆ ಎಂದು ತಿಳಿಯಿರಿ.

ಮೆಟಾಡೇಟಾ ಬರೆದಾಗ ಫೈಲ್ ಬದಲಾಗುವುದರಿಂದ ಬ್ಯಾಕಪ್ ಸಾಫ್ಟ್‌ವೇರ್ ಅದನ್ನು ಹೊಸ ಫೈಲೆಂದು ಮತ್ತೆ ನಕಲಿಸುತ್ತದೆ. ಸಾವಿರಾರು ಚಿತ್ರಗಳಿಗೆ ಒಮ್ಮೆಲೇ ಬರೆದ ದಿನ ಬ್ಯಾಕಪ್ ರಾತ್ರಿಯೆಲ್ಲ ನಡೆದರೆ ಅದು ಸಹಜ. ಎಕ್ಸಿಫ್‌ಟೂಲಿನಿಂದ ಬರೆದರೆ ಅದು ಪ್ರತಿ ಫೈಲಿನ ಹಳೆಯ ಪ್ರತಿಯನ್ನೂ ಪಕ್ಕದಲ್ಲಿ ಇಡುತ್ತದೆ. ಎಲ್ಲ ಸರಿಯಿದೆ ಎಂದು ಖಚಿತವಾದ ಮೇಲಷ್ಟೇ ಅವುಗಳನ್ನು ಅಳಿಸಿ.

ನಾನು ವರ್ಷಕ್ಕೊಮ್ಮೆ, ಜಾತ್ರೆಯ ಚಿತ್ರಗಳ ಕೆಲಸ ಮುಗಿದ ಮೇಲೆ, ಬ್ಯಾಕಪ್ ಡಿಸ್ಕಿನಿಂದ ಕಣ್ಣುಮುಚ್ಚಿ ಇಪ್ಪತ್ತು ಚಿತ್ರಗಳನ್ನು ಆಯ್ದು, ಬೇರೆ ಕಂಪ್ಯೂಟರಿನಲ್ಲಿ ತೆರೆದು, ಪ್ರತಿಯೊಂದರಲ್ಲೂ ದಿನಾಂಕ, ಊರು, ವ್ಯಕ್ತಿಯ ಹೆಸರು ಈ ಮೂರನ್ನು ಓದುತ್ತೇನೆ. ಇಪ್ಪತ್ತರಲ್ಲಿ ಒಂದರಲ್ಲಿ ಕಾಣದಿದ್ದರೂ ಆ ಫೋಲ್ಡರನ್ನು ಪೂರ್ತಿ ತೆರೆದು ಮತ್ತೆ ಬರೆಸುತ್ತೇನೆ. ಇಪ್ಪತ್ತೂ ಸರಿಯಿದ್ದರೆ ಮಾತ್ರ ಮೆಮೊರಿ ಕಾರ್ಡನ್ನು ಫಾರ್ಮ್ಯಾಟ್ ಮಾಡುತ್ತೇನೆ.